‘ನನಗ ಎಲ್ಲಾ ಗೊತ್ತದ’ ಅನ್ನುವವರ ಮುಂದೆ ನಾಣ್ಯ ಹಿಡಿದು ನಿಂತಾಗ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತು ಒಂದು ಒಗಟಿನಿಂದ ಶುರು ಮಾಡೋಣ.

ಒಂದು ಬೆಳ್ಳಿ ನಾಣ್ಯ. ಅದರ ಮೇಲೆ ಚಾರ್‌ಮಿನಾರ್ ಚಿತ್ರ. ಅದೇ ಬದಿಯಲ್ಲಿ ಉರ್ದು ಅಂಕಿಗಳಲ್ಲಿ 1337 ಅಂತ ಇಸವಿ. ನಾಣ್ಯ ಮೇಳದಲ್ಲಿ ಒಬ್ಬರು ಅದನ್ನ ಬೆಳಕಿಗೆ ಹಿಡಿದು, ಸುತ್ತ ನಿಂತವರಿಗೆಲ್ಲ ಕೇಳೋ ಹಾಗೆ ಹೇಳ್ತಾರೆ: “ಇದು 1337ರದ್ದು. ಬಹಮನಿ ಸುಲ್ತಾನರಿಗಿಂತ ಹತ್ತು ವರ್ಷ ಹಳೇದು. ಹೆಚ್ಚುಕಮ್ಮಿ ಏಳುನೂರು ವರ್ಷದ ಮಾಲು.”

ಬಹಮನಿ ರಾಜ್ಯ ಶುರುವಾಗಿದ್ದು 1347ರಲ್ಲಿ, ನಿಜ. ಕಳೆಯುವ ಲೆಕ್ಕವೂ ಸರಿ. ಹಾಗಾದ್ರೆ ತಪ್ಪು ಎಲ್ಲಿದೆ?

ಚಾರ್‌ಮಿನಾರ್ ಕಟ್ಟಿದ್ದು 1591ರಲ್ಲಿ. ಕಟ್ಟಡ ಏಳೋದಕ್ಕೆ ಎರಡೂವರೆ ಶತಮಾನ ಮೊದಲೇ ಅದರ ಚಿತ್ರ ನಾಣ್ಯದ ಮೇಲೆ ಬರೋಕೆ ಆಗಲ್ಲ. ಆ 1337 ನಮ್ಮ ಕ್ಯಾಲೆಂಡರಿನ ಇಸವಿ ಅಲ್ಲ, ಹಿಜರಿ ಇಸವಿ. ಹಿಜರಿ ಲೆಕ್ಕ ಶುರುವಾಗೋದು ಕ್ರಿ.ಶ. 622ರಿಂದ. ಅದು ಚಂದ್ರನ ವರ್ಷ, ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಸುಲಭದ ಲೆಕ್ಕ ಹೀಗಿದೆ: ಹಿಜರಿ ಇಸವಿಯನ್ನ 0.97ರಿಂದ ಗುಣಿಸಿ, 622 ಕೂಡಿಸಿ. ಫೋನ್ ಕ್ಯಾಲ್ಕುಲೇಟರ್ ತೆಗೆದು ಈಗಲೇ ಮಾಡಿ ನೋಡಿ. ಉತ್ತರ 1919ರ ಹತ್ತಿರ ಬರುತ್ತೆ. ಅಂದ್ರೆ ಇದು ಏಳುನೂರು ವರ್ಷದ್ದಲ್ಲ, ನೂರು ಚಿಲ್ಲರೆ ವರ್ಷದ್ದು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದ್ದು.

ಇನ್ನೂ ಒಂದು ಸಾಕ್ಷಿ ಅದೇ ನಾಣ್ಯದಲ್ಲಿದೆ. ಚಾರ್‌ಮಿನಾರ್ ಬಾಗಿಲೊಳಗೆ ಒಂದು ಅಕ್ಷರ ಕಾಣುತ್ತೆ. ಅದು ‘ಐನ್’ ಆಗಿದ್ರೆ ಉಸ್ಮಾನ್ ಹೆಸರಿನ ಮೊದಲ ಅಕ್ಷರ. ‘ಮೀಮ್’ ಆಗಿದ್ರೆ ಅವರ ತಂದೆ ಮಹಬೂಬ್ ಅಲಿ ಖಾನ್. ಮಹಬೂಬ್ ಆಳಿದ್ದು 1869ರಿಂದ 1911ರ ತನಕ, ಉಸ್ಮಾನ್ 1911ರಿಂದ 1948ರ ತನಕ. ನಾಣ್ಯದ ಮೇಲೆ ಚಾರ್‌ಮಿನಾರ್ ಬಂದಿದ್ದೇ 20ನೇ ಶತಮಾನದ ಆರಂಭದಲ್ಲಿ, ಮಹಬೂಬ್ ಕಾಲದಲ್ಲಿ. ಇಸವಿ, ಚಿತ್ರ, ಅಕ್ಷರ ಮೂರೂ ಸೇರಿ ಒಂದೇ ಮಾತು ಹೇಳ್ತಿವೆ.

ಇವತ್ತಿನ ಸಂಚಿಕೆಯ ತಿರುಳು ಇದೇ. ಮೇಳದಲ್ಲಿ ಯಾರು ಎಷ್ಟು ಗಟ್ಟಿ ದನಿಯಲ್ಲಿ ಹೇಳಿದ್ರು ಅನ್ನೋದು ಮುಖ್ಯ ಅಲ್ಲ. ಅವರು ಹೇಳಿದ್ದು ನಾಣ್ಯದ ಮೇಲೆ ಕಾಣ್ತದಾ ಇಲ್ವಾ ಅನ್ನೋದು ಮುಖ್ಯ.

ನಮ್ಮ ಕಡೆ ಈ ಮಾತು ಯಾಕೆ ಬೇಕು?

ನಾನು ನಿರ್ಣಾ ಕಡೆಯವನು. ಹುಮನಾಬಾದ್, ಬಸವಕಲ್ಯಾಣದ ಈ ಸೀಮೆಯನ್ನ ಆಳದ ಮನೆತನ ಕಡಿಮೆ. ಕಲ್ಯಾಣದ ಚಾಲುಕ್ಯರು, ಕಲಚುರಿಗಳು, ಸೇವುಣರು, ಆಮೇಲೆ ಬಹಮನಿಗಳು, ಬೀದರಿನ ಬರೀದ್ ಶಾಹಿಗಳು, ಮೊಘಲರು, ಕೊನೆಗೆ ನಿಜಾಮರು. ಒಬ್ಬೊಬ್ಬರೂ ನಾಣ್ಯ ಬಿಟ್ಟು ಹೋಗಿದ್ದಾರೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಬಂತು. 1956ರಲ್ಲಿ ಬೀದರ್ ಆಗಿನ ಮೈಸೂರು ರಾಜ್ಯಕ್ಕೆ ಸೇರ್ತು. ಆದ್ರೆ ಮನೆಯ ಟ್ರಂಕಿನೊಳಗಿನ ಗಂಟು ಎಲ್ಲಿಗೂ ಹೋಗಲಿಲ್ಲ. ದೀಪಾವಳಿ ಲಕ್ಷ್ಮಿ ಪೂಜೆಗೆ ಇಡೋ ಬೆಳ್ಳಿ ರೂಪಾಯಿ, ಆಯಿ ಸೆರಗಿನ ಗಂಟಿನಿಂದ ಬಂದ ಎರಡಾಣೆ, ಹೊಲದಲ್ಲಿ ಸಿಕ್ಕಿದ ಹಸಿರುಗಟ್ಟಿದ ತಾಮ್ರದ ಬಿಲ್ಲೆ — ಇವೆಲ್ಲ ನಮ್ಮ ಮನೆಗಳಲ್ಲಿ ಇನ್ನೂ ಇವೆ.

ಇದನ್ನ ಗುರುತಿಸೋಕೆ ನಮಗೆ ಕಲಿಸಿದವರು ಯಾರೂ ಇಲ್ಲ. ಶಾಲೆಯಲ್ಲಿ ಪಾಠ ಇಲ್ಲ. ಒಳ್ಳೆಯ ನಾಣ್ಯ ಮೇಳ, ಅಂಚೆ ಚೀಟಿ ಪ್ರದರ್ಶನ ನೋಡಬೇಕಂದ್ರೆ ಹೈದರಾಬಾದ್‌ಗೋ ಬೆಂಗಳೂರಿಗೋ ಬಸ್ ಹತ್ತಬೇಕು. ಹಾಗಾಗಿ ಕಾಲೇಜಿನ ಹಾಲ್‌ನಲ್ಲಿ, ಜಾತ್ರೆಯ ಮೂಲೆಯಲ್ಲಿ ನಾಲ್ಕು ಟೇಬಲ್ ಹಾಕಿ ನಾಣ್ಯ ಇಟ್ಟರೆ ಸಾಕು, ಅಲ್ಲಿ ಒಬ್ಬರು ‘ತಜ್ಞರು’ ತಾನಾಗೇ ಹುಟ್ಕೋತಾರೆ. ಯಾರೂ ಕರೆದಿರಲ್ಲ, ಯಾರೂ ನೇಮಿಸಿರಲ್ಲ. ಅವರ ಮಾತಿಗೆ ನಾವು ತೆರುವ ಬೆಲೆ ಮಾತ್ರ ನಿಜವಾದ್ದು.

ಅರ್ಧ ಗ್ರಾಂ ಕಡಿಮೆ ಇದ್ರೆ ಖೋಟಾನಾ?

ನನ್ನ ಕಣ್ಣೆದುರೇ ನಡೆದಿದ್ದು ಹೇಳ್ತೀನಿ. ಒಂದು ಕಾಲೇಜಿನ ಪ್ರದರ್ಶನ. ಡಿಗ್ರಿ ಓದೋ ಹುಡುಗಿಯೊಬ್ಬಳು ತಮ್ಮ ಆಯಿ ಕೊಟ್ಟಿದ್ದ ಚಾರ್‌ಮಿನಾರ್ ರೂಪಾಯಿಯನ್ನ ಕರ್ಚೀಫಿನಲ್ಲಿ ಸುತ್ತಿ ತಂದಿದ್ದಳು. ಕೊರಳಿಗೆ ಲೆನ್ಸ್ ನೇತು ಹಾಕ್ಕೊಂಡಿದ್ದ ಒಬ್ಬರು ಜೇಬಿನಿಂದ ಪುಟ್ಟ ತೂಕದ ಯಂತ್ರ ತೆಗೆದ್ರು. ಅವಳ ನಾಣ್ಯ ತೂಗಿದ್ರು. ಪಕ್ಕದಲ್ಲಿದ್ದ ಐದನೇ ಜಾರ್ಜ್ ರೂಪಾಯಿಯನ್ನೂ ತೂಗಿದ್ರು.

“ನೋಡು ತಂಗಿ, ಇದು ಅರ್ಧ ಗ್ರಾಂ ಕಮ್ಮಿ ಬರ್ಲಕತ್ತದ. ಡುಪ್ಲಿಕೇಟ್ ಅದ. ಮನ್ಯಾಗ ಇಟ್ಕೊಂಡು ಏನ್ ಮಾಡ್ತಿ? ಇನ್ನೂರು ಕೊಡ್ತೀನಿ, ಬಿಟ್ಟು ಹೋಗು.”

ತೂಕದ ಯಂತ್ರ ಸುಳ್ಳು ಹೇಳಿರಲಿಲ್ಲ. ಸುಳ್ಳು ಇದ್ದಿದ್ದು ಹೋಲಿಕೆಯಲ್ಲಿ.

ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು. ನಮ್ಮ ಹಿರಿಯರು ಅದನ್ನ ‘ಹಾಲಿ ಸಿಕ್ಕಾ’ ಅಂತಿದ್ರು. ಬ್ರಿಟಿಷ್ ರೂಪಾಯಿಗೆ ‘ಕಲ್ದಾರ್’ ಅಂತಿದ್ರು. ಕಲ್ ಅಂದ್ರೆ ಯಂತ್ರ. ಎರಡಕ್ಕೂ ಅಳತೆ ಬೇರೆ ಬೇರೆ. ಬ್ರಿಟಿಷರ ಹಳೆಯ ಬೆಳ್ಳಿ ರೂಪಾಯಿ ತೂಕ 11.66 ಗ್ರಾಂ, ಅಂದ್ರೆ ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ ಸುಮಾರು 91.7 ಪರ್ಸೆಂಟ್. ಹೈದರಾಬಾದಿನ ಚಾರ್‌ಮಿನಾರ್ ರೂಪಾಯಿ ಸುಮಾರು 11.18 ಗ್ರಾಂ, ಬೆಳ್ಳಿ 81.8 ಪರ್ಸೆಂಟ್. ಕೊನೆಕೊನೆಗೆ, 1940ರ ದಶಕದಲ್ಲಿ, ಎರಡೂ ಕಡೆ ಬೆಳ್ಳಿ ಇನ್ನೂ ಇಳಿಯಿತು, ಅದು ಬೇರೆ ಕಥೆ. ಅದಕ್ಕೂ ಮೊದಲಿನ ಅಸಲಿ ಹಾಲಿ ರೂಪಾಯಿ ಕಲ್ದಾರ್‌ಗಿಂತ ಅರ್ಧ ಗ್ರಾಂ ಕಡಿಮೆ ಬರಲೇಬೇಕು. ಬರದಿದ್ರೆ ಆಗ ಅನುಮಾನ ಪಡಬೇಕು!

ಇಲ್ಲಿ ಒಂದು ಚೆಂದದ ಲೆಕ್ಕ ಇದೆ. ಕಲ್ದಾರ್‌ನೊಳಗಿನ ಶುದ್ಧ ಬೆಳ್ಳಿ 10.69 ಗ್ರಾಂ ಆಗುತ್ತೆ. ಹಾಲಿ ರೂಪಾಯಿಯೊಳಗಿನ ಬೆಳ್ಳಿ 9.14 ಗ್ರಾಂ. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿದ್ರೆ 1.17. ಅಂದ್ರೆ ಹೆಚ್ಚುಕಮ್ಮಿ ಆರಕ್ಕೆ ಏಳು. ನಿಜಾಮರ ಕಾಲದಲ್ಲಿ ವಿನಿಮಯದ ದರವೂ ಅದೇ ಆಗಿತ್ತು: ಆರು ಕಲ್ದಾರ್‌ಗೆ ಏಳು ಹಾಲಿ. ಬಜಾರಿನಲ್ಲಿ ನಮ್ಮ ಮುತ್ಯಾಗಳು ಬಾಯಿಲೆಕ್ಕ ಮಾಡ್ತಿದ್ದ ದರ ನಾಣ್ಯದ ಹೊಟ್ಟೆಯೊಳಗಿನ ಬೆಳ್ಳಿಯಲ್ಲೇ ಬರೆದಿತ್ತು.

ಆ ಹುಡುಗಿಗೆ ಈ ಲೆಕ್ಕ ಯಾವುದೂ ಗೊತ್ತಿರಲಿಲ್ಲ. ಆದ್ರೆ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು: “ಅಂಕಲ್, ಹಾಲಿ ರೂಪಾಯಿ ತೂಕ ಎಷ್ಟ್ ಇರಬೇಕ್ರಿ?”

ಅವರಿಗೆ ಉತ್ತರ ಬರಲಿಲ್ಲ. “ನಾ ಮೂವತ್ತು ವರ್ಷದಿಂದ ಇದೇ ಮಾಡ್ಲಕತ್ತೀನಿ” ಅಂದ್ರು. ಅವಳು ನಾಣ್ಯವನ್ನ ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡು, “ಥ್ಯಾಂಕ್ಸ್ ಅಂಕಲ್” ಅಂತ ಹೇಳಿ ಮುಂದಿನ ಟೇಬಲ್‌ಗೆ ಹೋದಳು.

ಇದರಿಂದ ಎರಡು ಪಾಠ. ಒಂದು, ಖೋಟಾ ಅಂದವರೇ ಇನ್ನೂರು ಕೊಡೋಕೆ ಯಾಕೆ ರೆಡಿ ಇದ್ದಾರೆ? ಬೆಲೆ ಹೇಳುವವರು ಮತ್ತು ಕೊಳ್ಳುವವರು ಒಬ್ಬರೇ ಆಗಿದ್ರೆ ಆ ದಿನ ಮಾರಬೇಡಿ. ಎರಡು, ‘ಮೂವತ್ತು ವರ್ಷ’ ಅನ್ನೋದು ಅನುಭವ ಇರಬಹುದು, ಆದ್ರೆ ಅದು ಉತ್ತರ ಅಲ್ಲ. ತೂಕ ಎಷ್ಟಿರಬೇಕು ಅಂತ ಕೇಳಿದ್ರೆ ಗ್ರಾಂನಲ್ಲಿ ಉತ್ತರ ಬರಬೇಕು, ವರ್ಷದಲ್ಲಿ ಅಲ್ಲ.

ಜಗಳ ಬೇಡ, ಕಲಿಸಿ ಅಂತ ಕೇಳಿ

ಈಗ ನಿಮ್ಮಲ್ಲಿ ಕೆಲವರು ಅಂದ್ಕೋತಿರಬಹುದು: “ಹಂಗಾದ್ರ ಮುಖಕ್ಕೇ ಹೇಳಿಬಿಡೋಣ, ನಿಮ್ಮದು ತಪ್ಪು ಅಂತ.” ಬೇಡ. ನಮ್ಮ ಕಡೆ ಹಿರಿಯರ ಮುಂದೆ, ಅದೂ ಹತ್ತು ಜನ ನಿಂತಿರುವಾಗ ಹಾಗೆ ಅಂದ್ರೆ ವಿಷಯ ನಾಣ್ಯದಿಂದ ಮರ್ಯಾದೆಗೆ ಜಾರುತ್ತೆ. ಮರ್ಯಾದೆಯ ಜಗಳದಲ್ಲಿ ತೂಕ, ಇಸವಿ ಯಾವುದೂ ನಡೆಯಲ್ಲ. ಚಿಕ್ಕವರೇ ಸೋಲೋದು.

ಅದಕ್ಕಿಂತ ಒಳ್ಳೆ ದಾರಿ ಇದೆ. ಶಿಷ್ಯರ ಹಾಗೆ ಕೇಳಿ.

“ಕಾಕಾ, ಇದರ ಮ್ಯಾಗ ಏನ್ ಬರ್ದದ? ಸ್ವಲ್ಪ ಓದಿ ತೋರಸ್ರಿ.”

“ಸರ್, ಇದು ಅಪರೂಪದ್ದು ಅಂತ ಹ್ಯಾಂಗ್ ಗೊತ್ತಾಯ್ತ್ರಿ? ನಂಗೂ ಗುರುತು ಹಿಡೀಲಿಕ್ಕ ಕಲಸ್ರಿ.”

“ಇದೇ ತರದ್ದು ಯಾವ ಪುಸ್ತಕದಾಗ ಅದ ರೀ? ಫೋಟೋ ತಕ್ಕೋತೀನಿ.”

ಈ ಪ್ರಶ್ನೆಗಳಲ್ಲಿ ಅವಮಾನ ಇಲ್ಲ, ಸವಾಲೂ ಇಲ್ಲ. ಆದ್ರೆ ಜರಡಿ ಇದೆ. ನಿಜವಾಗಿ ಬಲ್ಲವರಿಗೆ ‘ಕಲಸ್ರಿ’ ಅನ್ನೋ ಮಾತು ಸಿಹಿ ಸಿಕ್ಕ ಹಾಗೆ. ಅವರು ಕುರ್ಚಿ ಎಳೆದು ಕೂರಿಸಿ, ಲೆನ್ಸ್ ನಿಮ್ಮ ಕೈಗೆ ಕೊಟ್ಟು, ಒಂದೊಂದೇ ಅಕ್ಷರ ತೋರಿಸ್ತಾರೆ. ಬಲ್ಲ ಹಾಗೆ ನಟಿಸುವವರಿಗೆ ಅದೇ ಮಾತು ಮುಳ್ಳು. ಅವರು ವಿಷಯ ಬದಲಿಸ್ತಾರೆ, ಸಿಟ್ಟಾಗ್ತಾರೆ, ಇಲ್ಲಾ “ನಿಂಗ ಅದೆಲ್ಲಾ ತಿಳಿಯಂಗಿಲ್ಲ” ಅಂತಾರೆ. ಆಗ ನೀವು ಏನೂ ವಾದ ಮಾಡಬೇಕಿಲ್ಲ. “ಆಯ್ತ್ರಿ ಕಾಕಾ” ಅಂತ ಕೈಮುಗಿದು ಮುಂದೆ ಹೋದ್ರೆ ಮುಗೀತು.

ಇನ್ನೊಂದು ಗುರುತು ಹೇಳ್ತೀನಿ. ಬಲ್ಲವರು ನಿಧಾನ. ಉದಾಹರಣೆಗೆ ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ ನಿಜವಾಗಿಯೂ ಅಪರೂಪ. ಅದಕ್ಕೇ 1938ರ ನಾಣ್ಯದ ಕೊನೆಯ ಅಂಕಿಯನ್ನ ಕೆತ್ತಿ, ತಿದ್ದಿ 1939 ಮಾಡಿ ಮಾರುವವರಿದ್ದಾರೆ. ಅಂಥ ನಾಣ್ಯ ಕೊಟ್ಟಾಗ ಬಲ್ಲವರು ಮೊದಲು ಬೆಲೆ ಹೇಳಲ್ಲ. ಲೆನ್ಸ್ ಇಟ್ಟು ಆ 9ನ್ನೇ ನೋಡ್ತಾರೆ. ಸುತ್ತಲಿನ ಮೈ ಬೇರೆ ತರ ಹೊಳೀತದಾ, ಪಕ್ಕದ ಅಂಕಿಗಳಷ್ಟೇ ಎತ್ತರ ಇದೆಯಾ ಅಂತ ಪರೀಕ್ಷೆ ಮಾಡ್ತಾರೆ. ಆಮೇಲೂ “ಇನ್ನೊಬ್ಬರಿಗೆ ತೋರ್ಸಿ” ಅನ್ನಬಹುದು. ದೂರದಿಂದಲೇ ನೋಡಿ ಐದು ಸೆಕೆಂಡಿನಲ್ಲಿ “ಎರಡು ಲಕ್ಷ!” ಅನ್ನುವವರ ಹತ್ತಿರ ಲೆನ್ಸ್ ಇದ್ದೂ ಪ್ರಯೋಜನ ಇಲ್ಲ.

ಸರ್ಟಿಫಿಕೇಟ್ ಇಲ್ಲದವರೆಲ್ಲ ಸುಳ್ಳರಲ್ಲ

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಸ್ವಯಂಘೋಷಿತ’ ಅಂದ ತಕ್ಷಣ ಡಿಗ್ರಿ ಇಲ್ಲದವರನ್ನೆಲ್ಲ ಒಂದೇ ಗೋಣಿಚೀಲಕ್ಕೆ ಹಾಕಬೇಡಿ. ನಾಣ್ಯಶಾಸ್ತ್ರವನ್ನ ಬೆಳೆಸಿದವರಲ್ಲಿ ಬಹಳ ಜನ ಬೇರೆ ಕೆಲಸದವರೇ.

1824ರ ಕಿತ್ತೂರು ಯುದ್ಧ ನಿಮಗೆ ಗೊತ್ತು, ಥ್ಯಾಕರೆ ಸತ್ತಿದ್ದು ಅಲ್ಲೇ. ಆಗ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಸರ್ಕಾರಿ ನೌಕರ. ನಾಣ್ಯ ಕಲಿಸೋ ಕಾಲೇಜಿಗೆ ಹೋದವನಲ್ಲ. ಆದ್ರೆ ಈ ನಾಡಿನ ಶಾಸನಗಳನ್ನ ನಕಲು ಮಾಡಿಸಿ ಕೂಡಿಟ್ಟ. ಕೊನೆಗೆ 1886ರಲ್ಲಿ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಅವನ ಪುಸ್ತಕ ಬಂತು. ಇನ್ನೊಬ್ಬ, ಕಲ್ಕತ್ತಾ ಟಂಕಸಾಲೆಯಲ್ಲಿ ಲೋಹ ಪರೀಕ್ಷೆ ಮಾಡೋ ಕೆಲಸದಲ್ಲಿದ್ದ ಜೇಮ್ಸ್ ಪ್ರಿನ್ಸೆಪ್. ಅಶೋಕನ ಬ್ರಾಹ್ಮಿ ಲಿಪಿಯನ್ನ 1837ರಲ್ಲಿ ಓದಿ ತೋರಿಸಿದ್ದು ಅವನೇ. ಇವರೂ ಒಂದರ್ಥದಲ್ಲಿ ತಮ್ಮನ್ನ ತಾವೇ ತಜ್ಞರು ಮಾಡ್ಕೊಂಡವರು. ವ್ಯತ್ಯಾಸ ಏನು? ‘ನಾನು ಹೇಳ್ತೀನಿ, ನಂಬು’ ಅನ್ನಲಿಲ್ಲ. ಇದು ಹೀಗೆ ಯಾಕೆ ಅಂತ ಬರೆದು, ಚಿತ್ರ ಹಾಕಿ, ಯಾರು ಬೇಕಾದ್ರೂ ಪರೀಕ್ಷೆ ಮಾಡೋ ಹಾಗೆ ಮುಂದಿಟ್ಟರು.

ನಮ್ಮ ಊರುಗಳಲ್ಲೂ ಅಂಥವರಿದ್ದಾರೆ, ನಾವು ಗುರುತಿಸಿಲ್ಲ ಅಷ್ಟೇ. ನಿಜಾಮರ ಕಾಲದಲ್ಲಿ ಆಡಳಿತ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಆಗ ಓದಿದ ಮುತ್ಯಾ ಯಾರಾದ್ರೂ ಇನ್ನೂ ಇದ್ರೆ, ಅಥವಾ ಊರಿನ ಉರ್ದು ಶಾಲೆಯ ಮಾಸ್ತರರ ಹತ್ತಿರ ಹೋದ್ರೆ, ಚಾರ್‌ಮಿನಾರ್ ರೂಪಾಯಿಯ ಇಸವಿಯನ್ನ ಚಹಾ ಆರೋದ್ರೊಳಗೆ ಓದಿ ಹೇಳ್ತಾರೆ. ಅದರ ಮೇಲಿನ ಭಾಷೆ ಪಾರ್ಸಿ, ಆದ್ರೆ ಲಿಪಿ ಅವರಿಗೆ ಗೊತ್ತಿರೋದೇ. ಸರಾಫ್ ಅಂಗಡಿಯ ಅಕ್ಕಸಾಲಿಗೆ ಇತಿಹಾಸ ಗೊತ್ತಿಲ್ಲದಿರಬಹುದು, ಆದ್ರೆ ಬೆಳ್ಳಿ ಹೌದೋ ಅಲ್ವೋ ಅವರಿಗೆ ಗೊತ್ತು. ಒಬ್ಬರ ಹತ್ತಿರ ಎಲ್ಲವನ್ನೂ ಕೇಳಬೇಡಿ. ಯಾರಿಗೆ ಏನು ಗೊತ್ತೋ ಅದನ್ನ ಮಾತ್ರ ಅವರ ಹತ್ತಿರ ಕೇಳಿ.

ದೊಡ್ಡ ಪ್ರದರ್ಶನಗಳಲ್ಲಿ ಈ ವಿಚಾರಕ್ಕೆ ನಿಯಮವೇ ಇದೆ. ಅಂಚೆ ಇಲಾಖೆ ಬೆಂಗಳೂರಿನಲ್ಲಿ ಮಾಡೋ ‘ಕರ್ನಾಪೆಕ್ಸ್’ ಹೆಸರು ಕೇಳಿರಬಹುದು. ಅಂಥ ಅಂಚೆ ಚೀಟಿ ಪ್ರದರ್ಶನಗಳಲ್ಲಿ ತೀರ್ಪುಗಾರರು ಕೂತು ಅಂಕ ಹಾಕ್ತಾರೆ. ಸಾಂಪ್ರದಾಯಿಕ ವಿಭಾಗಕ್ಕೆ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕ ಹೀಗಿದೆ: ನೂರಕ್ಕೆ 30 ಅಂಕ ಸಂಗ್ರಹವನ್ನ ಹೇಗೆ ಕಟ್ಟಿದ್ದಾರೆ, ಅದರ ಮಹತ್ವ ಎಷ್ಟು ಅನ್ನೋದಕ್ಕೆ. 35 ಅಂಕ ಜ್ಞಾನ ಮತ್ತು ಅಧ್ಯಯನಕ್ಕೆ. 30 ಅಂಕ ಚೀಟಿಯ ಸ್ಥಿತಿ, ಅಪರೂಪಕ್ಕೆ. ಉಳಿದ 5 ಅಂದ ಚಂದಕ್ಕೆ. ಗಮನಿಸಿ, ಎಲ್ಲಕ್ಕಿಂತ ಹೆಚ್ಚು ಅಂಕ ತಿಳುವಳಿಕೆಗೆ. ದುಡ್ಡಿದ್ದವರು ಅಪರೂಪದ ಚೀಟಿ ಕೊಂಡು ತರಬಹುದು, ಆದ್ರೆ ಆ 35 ಅಂಕ ಓದಿದವರಿಗೇ ಸಿಗೋದು.

ಅಮೆರಿಕದಲ್ಲಿ ಕೊಳ್ಳುವವರು, ಮಾರುವವರ ನಡುವೆ ‘ನಾಣ್ಯದ ದರ್ಜೆ ಎಷ್ಟು’ ಅಂತ ಇದೇ ಜಗಳ ಜಾಸ್ತಿಯಾದಾಗ, 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಅನ್ನೋ ಸಂಸ್ಥೆಗಳು ಬಂದವು. ನಾಣ್ಯವನ್ನ ಪರೀಕ್ಷಿಸಿ, ದರ್ಜೆ ಬರೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡ್ತಾರೆ. ನೋಡುವವರು ಬೇರೆ, ಕೊಳ್ಳುವವರು ಬೇರೆ ಇರಲಿ ಅನ್ನೋದೇ ಅದರ ಮೂಲ ವಿಚಾರ. ಆಮೇಲೆ ಆ ಡಬ್ಬಿಯನ್ನೇ ನಕಲು ಮಾಡುವವರೂ ಬಂದ್ರು ಅನ್ನಿ! ಹಾಗಾಗಿ ಡಬ್ಬಿ ನೋಡಿದ ಮಾತ್ರಕ್ಕೆ ನಂಬೋ ಹಾಗಿಲ್ಲ, ಒಳಗಿನ ನಾಣ್ಯ ನೋಡಬೇಕು.

ಈ ನಾಲ್ಕು ಸಲಹೆ ಬಂದ್ರೆ ನಾಣ್ಯ ಜೇಬಿಗೆ ಹಾಕಿ

ಕೆಲವು ಮಾತು ತಪ್ಪಾದ್ರೆ ನಷ್ಟ ಇಲ್ಲ, ನಕ್ಕು ಬಿಡಬಹುದು. ಕೆಲವು ಮಾತು ಕೇಳಿದ್ರೆ ನಾಣ್ಯ ಹಾಳು, ಇಲ್ಲಾ ಜೀವನ ಹಾಳು.

ಮೊದಲನೆಯದು: “ಹುಣಸೆಹಣ್ಣು ಹಚ್ಚಿ ತಿಕ್ಕು, ಪೀತಾಂಬರಿ ಹಾಕಿ ತೊಳಿ, ಬೆಲೆ ಬರ್ತದ.” ಹಿತ್ತಾಳೆ ತಂಬಿಗೆಗೆ ಸರಿ, ನಾಣ್ಯಕ್ಕೆ ವಿಷ. ತಾಮ್ರದ ಮೇಲಿನ ಕಂದು ಅಥವಾ ಹಸಿರು ಪದರ, ಬೆಳ್ಳಿಯ ಮೇಲಿನ ಕಪ್ಪು ಛಾಯೆ ಹತ್ತಾರು ವರ್ಷದಿಂದ ಕಟ್ಟಿದ್ದು. ತಿಕ್ಕಿದ್ರೆ ಪದರದ ಜೊತೆ ಸಣ್ಣ ಅಕ್ಷರಗಳ ಅಂಚೂ ಹೋಗುತ್ತೆ. ಹೋದದ್ದು ಮತ್ತೆ ಬರಲ್ಲ. ಸಂಗ್ರಹಕಾರರ ಕಣ್ಣಲ್ಲಿ ಉಜ್ಜಿದ ನಾಣ್ಯಕ್ಕೆ ಬೆಲೆ ಇಳಿಯುತ್ತೆ, ಏರಲ್ಲ.

ಎರಡನೆಯದು: ದೇವರು ಮತ್ತು ಪವಾಡ. ವೈಷ್ಣೋದೇವಿ ಚಿತ್ರದ 5, 10 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗ್ತದೆ ಅಂತಾರೆ. ಅವು ಚಲಾವಣೆಗೇ ಬಿಟ್ಟ ಸ್ಮರಣಾರ್ಥ ನಾಣ್ಯ, ನಮ್ಮ ಕೈಯಲ್ಲೇ ಓಡಾಡಿವೆ. ಒಂದು ಕಡೆ ರಾಮ, ಸೀತೆ, ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಇರೋ ಬಿಲ್ಲೆ ತೋರಿಸಿ ‘ಕಂಪನಿ ಸರ್ಕಾರದ ಅಪರೂಪದ ನಾಣ್ಯ’ ಅಂತಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿದ್ದೇ ಇಲ್ಲ. ಅವು ಯಾತ್ರಾಸ್ಥಳಗಳಲ್ಲಿ ಮಾರೋ ಬಿಲ್ಲೆಗಳು. ಪೂಜೆಗೆ ಇಟ್ಕೊಳ್ಳಿ, ಅದರ ಮೇಲೆ ಸಾಲ ಮಾಡಬೇಡಿ. ಇನ್ನು ‘ಈ ನಾಣ್ಯ ಅಕ್ಕಿ ಎಳೀತದ’ ಅಂದವರ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ, ಅಯಸ್ಕಾಂತದಿಂದ ಎಳೆದು ತೋರಿಸಿ, ಕೋಟಿಯ ಆಸೆ ಹುಟ್ಟಿಸಿ ಮುಂಗಡ ಕಿತ್ತ ಪ್ರಕರಣಗಳು ಕರ್ನಾಟಕ, ತೆಲಂಗಾಣ ಎರಡೂ ಕಡೆ ಪೊಲೀಸ್ ಠಾಣೆ ಹತ್ತಿವೆ.

ಮೂರನೆಯದು: “ದುಬೈ ಪಾರ್ಟಿ ಅದ, ಮೊದಲು ಸ್ವಲ್ಪ ಫೀಸ್ ಹಾಕು.” 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯವೂ ಪುರಾವಸ್ತುವೇ. ಅಂಥದ್ದನ್ನ ಖಾಸಗಿ ಜನ ದೇಶದ ಹೊರಗೆ ಕಳಿಸೋ ಹಾಗಿಲ್ಲ. ಪುರಾವಸ್ತು ಮಾರೋದನ್ನ ವ್ಯಾಪಾರ ಮಾಡ್ಕೊಂಡವರಿಗೆ ಲೈಸೆನ್ಸ್ ಬೇಕು. ಆ ‘ದುಬೈ ಪಾರ್ಟಿ’ ನಿಜವಾಗಿಯೇ ಇದ್ರೂ ನೀವು ಮಾಡೋದು ಅಪರಾಧ. ಸುಳ್ಳಾದ್ರೆ ನಿಮ್ಮ ಫೀಸ್ ಹೋಯ್ತು. ರಿಸರ್ವ್ ಬ್ಯಾಂಕ್ ಹೆಸರು, ಲೋಗೋ ಹಾಕಿ ಹಳೆ ನಾಣ್ಯ, ನೋಟಿಗೆ ಕಮಿಷನ್, ತೆರಿಗೆ ಕೇಳೋ ಮೋಸದ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಬ್ಯಾಂಕ್ ಈ ವ್ಯವಹಾರ ಮಾಡಲ್ಲ, ಯಾರಿಗೂ ಅದರ ಪರವಾಗಿ ಮಾಡೋಕೆ ಹೇಳಿಯೂ ಇಲ್ಲ.

ನಾಲ್ಕನೆಯದು, ನಮ್ಮ ಸೀಮೆಗೆ ಬಹಳ ಮುಖ್ಯವಾದದ್ದು: “ಹೊಲದಾಗ ಸಿಕ್ಕದ್ದು ಯಾರಿಗೂ ಹೇಳಬ್ಯಾಡ, ನಾನೇ ತಗೋತೀನಿ.” ಮನೆಯ ಟ್ರಂಕಿನ ನಾಣ್ಯ ಬೇರೆ, ನೆಲದೊಳಗೆ ಸಿಕ್ಕ ಗಡಿಗೆ ಬೇರೆ. ನೆಲದಲ್ಲಿ ಅಡಗಿಸಿದ್ದು ಸಿಕ್ಕಿದ್ರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರ ನಿಧಿ ಕಾಯ್ದೆಯ ಕಾಲದಿಂದ ನಿಯಮ ಇದೆ. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ನಿಧಿ ಕಾಯ್ದೆಯೂ ಬಂತು. ಮುಚ್ಚಿಟ್ಟರೆ ಶಿಕ್ಷೆ ಸಿಕ್ಕವರಿಗೆ, ಪುಸಲಾಯಿಸಿ ಒಯ್ದವರು ಅಷ್ಟರಲ್ಲಿ ಬಸ್ ಹತ್ತಿರ್ತಾರೆ.

ಕಾನೂನಿಗಿಂತ ದೊಡ್ಡದೊಂದು ನಷ್ಟ ಇಲ್ಲಿದೆ. ಒಂದು ಗಡಿಗೆಯಲ್ಲಿ ನೂರು ತಾಮ್ರದ ನಾಣ್ಯ ಇವೆ ಅಂದ್ಕೊಳ್ಳಿ. ಅವುಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವ ಸುಲ್ತಾನನದ್ದೋ, ಆ ಗಡಿಗೆಯನ್ನ ಅವನ ಕಾಲದಲ್ಲೋ ಆಮೇಲೋ ಹೂತಿಟ್ಟಿದ್ದು ಅಂತ ಗೊತ್ತಾಗುತ್ತೆ. ಬೇರೆ ರಾಜ್ಯದ ನಾಣ್ಯ ಜೊತೆಗಿದ್ರೆ ಈ ಊರಿನ ಮೇಲೆ ಯಾವ ವ್ಯಾಪಾರದ ದಾರಿ ಹಾದಿತ್ತು ಅನ್ನೋದರ ಸುಳಿವು ಸಿಗುತ್ತೆ. ನೂರು ನಾಣ್ಯ ನೂರು ಜೇಬಿಗೆ ಹೋದ್ರೆ ನಾಣ್ಯ ಉಳಿಯಬಹುದು, ಊರಿನ ಕಥೆ ಉಳಿಯಲ್ಲ. ಆ ಕಥೆ ಇಲ್ಲದ ಜಾಗದಲ್ಲೇ ‘ಎಲ್ಲಾ ಗೊತ್ತು’ ಅನ್ನುವವರು ತಮ್ಮ ಕಥೆ ತುಂಬೋದು. ಬಸವಕಲ್ಯಾಣದ ಸುತ್ತ ಏನೇ ಸಿಕ್ಕಿದ್ರೂ ‘ಬಸವಣ್ಣನವರ ಭಂಡಾರದ್ದು’ ಅಂತಾರಲ್ಲ, ಹಾಗೆ. ಬಸವಣ್ಣನವರು 12ನೇ ಶತಮಾನದವರು. ಕೈಯಲ್ಲಿರೋ ತಾಮ್ರದ ಬಿಲ್ಲೆಯ ಮೇಲೆ ಬಹಮನಿ ಸುಲ್ತಾನನ ಹೆಸರು ಅರಬ್ಬಿ ಲಿಪಿಯಲ್ಲಿದ್ರೆ ಅದು 1347ಕ್ಕಿಂತ ಮೊದಲಿನದಾಗೋಕೆ ಸಾಧ್ಯ ಇಲ್ಲ. ಬಸವಣ್ಣನವರ ದೊಡ್ಡತನಕ್ಕೆ ಸುಳ್ಳು ನಾಣ್ಯದ ಆಸರೆ ಬೇಕಾ?

ಮೇಳಕ್ಕೆ ಹೋಗೋ ಮೊದಲು ಮನೆಯಲ್ಲೇ ಮಾಡಿ

ಕೊನೆಯದಾಗಿ ಸ್ವಲ್ಪ ತಯಾರಿ ಹೇಳ್ತೀನಿ. ನಾಣ್ಯದ ಎರಡೂ ಬದಿಯ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಬಿಸಿಲಲ್ಲಿ ಅಲ್ಲ, ಕಿಟಕಿಯ ಬೆಳಕಲ್ಲಿ. ಸರಾಫ್ ಅಂಗಡಿಯಲ್ಲಿ ತೂಕ ಮಾಡಿಸಿ, ಗ್ರಾಂನಲ್ಲಿ ಎರಡು ದಶಾಂಶದ ತನಕ ಬರ್ಕೊಳ್ಳಿ. ಅಯಸ್ಕಾಂತ ಹಿಡಿದು ನೋಡಿ. ಬೆಳ್ಳಿ ಅಂಟಲ್ಲ.

ಉರ್ದು ಅಂಕಿ ಓದೋದು ಒಂದು ಸಂಜೆಯ ಕೆಲಸ. 1 ಅಂದ್ರೆ ನೇರ ಕಡ್ಡಿ. 0 ಅಂದ್ರೆ ಬರೀ ಚುಕ್ಕೆ. 7 ಅಂದ್ರೆ ಇಂಗ್ಲಿಷಿನ ವಿ ತರ. 8 ಅಂದ್ರೆ ಅದೇ ವಿ ಬೋರಲು ಬಿದ್ದ ಹಾಗೆ. ಅದಕ್ಕೇ ನಾಣ್ಯ ತಲೆಕೆಳಗೆ ಹಿಡಿದ್ರೆ 7 ಹೋಗಿ 8 ಆಗುತ್ತೆ! ಮೊದಲು ಚಾರ್‌ಮಿನಾರ್ ನೆಟ್ಟಗೆ ನಿಲ್ಲಿಸಿ, ಆಮೇಲೆ ಇಸವಿ ಓದಿ. ಸ್ವತಂತ್ರ ಭಾರತದ ನಾಣ್ಯವಾದ್ರೆ ಇಸವಿಯ ಕೆಳಗೆ ನೋಡಿ: ನಕ್ಷತ್ರ ಇದ್ರೆ ಹೈದರಾಬಾದ್ ಟಂಕಸಾಲೆ, ವಜ್ರದ ಆಕಾರ ಇದ್ರೆ ಮುಂಬೈ, ದುಂಡು ಚುಕ್ಕೆ ಇದ್ರೆ ನೋಯ್ಡಾ, ಏನೂ ಇಲ್ಲದಿದ್ರೆ ಕೋಲ್ಕತ್ತಾ. ಬಹಮನಿ ನಾಣ್ಯಗಳ ಹುಚ್ಚು ಹತ್ತಿದ್ರೆ ಗೊರಾನ್ ಮತ್ತು ಗೋಯೆಂಕಾ ಅವರ 2001ರ ಪುಸ್ತಕ ಹುಡುಕಿ. ಭಾರತದ ಸುಲ್ತಾನರ ನಾಣ್ಯ ಗುರುತಿಸೋರೆಲ್ಲ ತಿರುವಿ ಹಾಕೋದು ಅದನ್ನೇ. ನಾಸಿಕ್ ಹತ್ತಿರ ಆಂಜನೇರಿಯಲ್ಲಿ ನಾಣ್ಯಗಳ ಅಧ್ಯಯನಕ್ಕೇ ಮೀಸಲಾದ ಸಂಶೋಧನಾ ಸಂಸ್ಥೆಯೂ ಇದೆ.

ಎಲ್ಲಕ್ಕಿಂತ ಮೊದಲು, ಆ ನಾಣ್ಯ ಕೊಟ್ಟ ಹಿರಿಯರು ಇನ್ನೂ ಇದ್ರೆ ಅವರ ಪಕ್ಕ ಕೂತು ಫೋನಿನಲ್ಲಿ ರೆಕಾರ್ಡ್ ಆನ್ ಮಾಡಿ. “ಆಯಿ, ಇದು ನಿಮಗ ಎಲ್ಲಿಂದ ಬಂತು? ಆಗ ಇದಕ್ಕ ಏನ್ ಬರ್ತಿತ್ತು?” ಅಂತ ಕೇಳಿ. ನಾಣ್ಯದ ಇಸವಿ ನಾಳೆಯೂ ಓದಬಹುದು, ಲೋಹ ನಾಡಿದ್ದೂ ಪರೀಕ್ಷೆ ಮಾಡಿಸಬಹುದು. ಆಯಿ ಹೇಳೋ ಮಾತಿಗೆ ಮಾತ್ರ ಕಾಯೋ ತಾಳ್ಮೆ ಇಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ನಾಣ್ಯದ ಮೇಲೆ ಏನು ಬರೆದಿದೆ ಅಂತ ಓದಿದ್ರೆ ನಮಗೂ ಒಂದು ವಾಯ್ಸ್ ನೋಟ್ ಕಳಿಸಿ. ಬೆಲೆ ಮಾತ್ರ ಕೇಳಬೇಡಿ, ನಾ ಹೇಳಂಗಿಲ್ಲ! ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ, ನಮಸ್ಕಾರ.